ಫೆಬ್ರವರಿಯಲ್ಲಷ್ಟೇ ಬೀಳುವ ಟೆಂಗೆ

ಜುಲೈ 26, 2015. ಭಾನುವಾರ. ತೊಕ್ಮೊಕ್
*ನಮ್ಮ ಒಂದು ಸೊಮ್‌ಗೆ ಕಜಾಕರ 3.05 ಟೆಂಗೆ*

ಪಕ್ಕದ ಮನೆಯ ಕೆಂಜೆಗುಲ್ ಇವತ್ತು ಲಾರಿ ಮಾರಿದಳು. ಗಂಡ ಜಿರ್ಗಾಲ್ ಸತ್ತು ಹತ್ತು ತಿಂಗಳು. ಅಂದಿನಿಂದ ಲಾರಿ ಬೇಲಿಯ ಪಕ್ಕ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ಕೊಂಡವನು ಗಡಿ ನದಿಯಾಚೆಯ ಕಜಾಕ, ಹಾಗಾಗಿ ಅವರ ದುಡ್ಡನ್ನೇ ಕೊಟ್ಟ. ಹದಿನೈದು ಲಕ್ಷ ಟೆಂಗೆ, ಸಕ್ಕರೆ ಚೀಲದಲ್ಲಿ. ಚೀಲವನ್ನು ಅವಳು ನೇರ ನನ್ನ ಮನೆಗೆ ತಂದು ಮೇಜಿನ ಮೇಲಿಟ್ಟಳು.

"ಮೇಷ್ಟ್ರೆ, ಇದು ನಿಮ್ಮ ಹತ್ರಾನೇ ಇರ್ಲಿ. ನನ್ನ ಮನೇಲಿದ್ರೆ ಭಾವ ಬಿಡಲ್ಲ. ಲಾರಿ ಅಣ್ಣತಮ್ಮಂದಿರದು ಅಂತ ಆಗಲೇ ಎರಡು ಸಲ ಬಂದು ಕೂಗಾಡಿದಾರೆ."

ಅವಳ ಲೆಕ್ಕ ಸರಳ. ಅವಳಿರುವ ಬಾಡಿಗೆ ಮನೆಯ ಒಡತಿ ನೀನಾ ಫ್ಯೋದೊರೊವ್ನಾ ಅಕ್ಟೋಬರ್ ಒಂದಕ್ಕೆ ಮಗನ ಬಳಿ ಕರಗಂದಾಕ್ಕೆ ಹೊರಡುತ್ತಾಳೆ. ಅಂದು ನಾಲ್ಕು ಲಕ್ಷ ಎಂಬತ್ತು ಸಾವಿರ ಸೊಮ್ ಕೊಟ್ಟರೆ ಮನೆ ಕೆಂಜೆಗುಲ್‌ಳದು. ಇಲ್ಲದಿದ್ದರೆ ಬೇರೆ ಗಿರಾಕಿ ಕಾದಿದ್ದಾನೆ, ತಾಯಿ ಮಗಳು ಬೆಟ್ಟದ ಮೇಲಿನ ಭಾವನ ಮನೆ ಸೇರಬೇಕು. ಆ ಭಾವನಿಗೆ ತಮ್ಮನ ಹೆಂಡತಿ ಬೇಕಿಲ್ಲ, ಕೊಟ್ಟಿಗೆಗೆ ಸಂಬಳವಿಲ್ಲದ ಆಳು ಬೇಕು.

ಗಂಡ ಹೆಂಡತಿ ಇಬ್ಬರಿಗೂ ಗಣಿತ ಕಲಿಸಿದವನು ನಾನು. ಚೀಲವನ್ನು ಹಾಸಿಗೆ ರಾಶಿಯ ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಪಕ್ಕದಲ್ಲೇ ನನ್ನ ಸಾವಿನ ಖರ್ಚಿನ ಲಕೋಟೆ, ನಲವತ್ತು ಸಾವಿರ ಸೊಮ್. ಬಿಳಿ ಬಟ್ಟೆ, ಹಂಚಬೇಕಾದ ಕರವಸ್ತ್ರ, ಯಾರ್ಯಾರನ್ನು ಕರೆಯಬೇಕೆಂಬ ಪಟ್ಟಿ, ಎಲ್ಲವೂ ಸಿದ್ಧ. ನನ್ನ ಮಣ್ಣಿನ ದಿನದ ಊಟಕ್ಕೆ ಕಡಿಯಬೇಕಾದ ಕುದುರೆ ತೊರು ಹಿತ್ತಲಲ್ಲಿ ಮೇಯುತ್ತ ನನಗಿಂತ ಚೆನ್ನಾಗಿದೆ. ನನಗೆ ಅರವತ್ತೇಳಾಯಿತು, ಹೆಂಡತಿ ಶಾರಿಪಾ ಹೋಗಿ ಹದಿನಾರು ವರ್ಷ. ಬಿಷ್ಕೆಕ್‌ನಿಂದ ಮಗಳು ಬೆರ್ಮೆತ್ ಫೋನ್ ಮಾಡಿದಾಗಲೆಲ್ಲ, "ಆ ಕೆಮ್ಮು ಡಾಕ್ಟರಿಗೆ ತೋರ್ಸಪ್ಪ" ಅನ್ನುತ್ತಾಳೆ. ಸಾವಿಗೆ ಹೆದರುವವರು ತಯಾರಿ ಇಲ್ಲದವರು.

ಜುಲೈ 29. ಬುಧವಾರ
*3.06*

ಟೆಂಗೆಯನ್ನು ಸೊಮ್ ಮಾಡಿಡಿ ಅಂದಳು ಕೆಂಜೆಗುಲ್. ಆಗಲಿ ಅಂದೆ.

ಮಾಡಲಿಲ್ಲ. ಕಾರಣವಿದೆ. ಬೇಸಿಗೆಯಲ್ಲಿ ಕಜಾಕರು ಇಸಿಕ್-ಕುಲ್ ಸರೋವರಕ್ಕೆ ದಂಡು ಕಟ್ಟಿಕೊಂಡು ಬರುತ್ತಾರೆ, ಊರ ತುಂಬ ಟೆಂಗೆ ಸುರಿಯುತ್ತಾರೆ, ಅದರ ಬೆಲೆ ಇಳಿದು ನನ್ನ ಅಂಕಿ ಏರುತ್ತದೆ. ಸೆಪ್ಟೆಂಬರ್‌ನಲ್ಲಿ ಅವರು ಮನೆಗೆ, ಟೆಂಗೆ ಮೇಲಕ್ಕೆ. ಆಗ ಬದಲಿಸಿದರೆ ಅವಳಿಗೆ ಹದಿನೈದು ಸಾವಿರವಾದರೂ ಹೆಚ್ಚು ಸಿಗುತ್ತದೆ. ಚಳಿಗಾಲದ ಕಲ್ಲಿದ್ದಲು ಬಂತಲ್ಲ.

ಇದು ಬರಿ ಊಹೆಯಲ್ಲ. 1993ರ ಮೇ ಹತ್ತರಂದು ನಮ್ಮ ಸೊಮ್ ಹುಟ್ಟಿತು, ಅದೇ ನವೆಂಬರ್ ಹದಿನೈದಕ್ಕೆ ಅವರ ಟೆಂಗೆ. ಅಂದಿನಿಂದ ಈ ಎರಡರ ದರವನ್ನು ಬರೆದಿಟ್ಟಿದ್ದೇನೆ, ಹನ್ನೊಂದು ನೋಟುಪುಸ್ತಕ. ನನ್ನನ್ನು ಕೇಳದೆ ತೊಕ್ಮೊಕ್ ಸಂತೆಯಲ್ಲಿ ದೊಡ್ಡ ವ್ಯಾಪಾರ ಯಾರೂ ಮಾಡುವುದಿಲ್ಲ. ಟೆಂಗೆ ಒಮ್ಮೆಲೇ ಕುಸಿದಿದ್ದು 2009ರ ಫೆಬ್ರವರಿ, ಮತ್ತೆ 2014ರ ಫೆಬ್ರವರಿ. ಫೆಬ್ರವರಿ ದಾಟಿದರೆ ಟೆಂಗೆ ಬಂಡೆ. ಇದನ್ನು ಊರಿಗೆ ಹೇಳಿಕೊಟ್ಟವನೇ ನಾನು, ಈಗ ಟೊಮೇಟೊ ಮಾರುವ ಹೆಂಗಸರೂ ಹೇಳುತ್ತಾರೆ.

ಸಂಜೆ ಬೇಲಿಯ ಹತ್ತಿರ, "ಬದಲಾಯಿಸಿದ್ರಾ ಮೇಷ್ಟ್ರೆ?" ಅಂದಳು. ಬಾಯಿಂದ "ಹೂಂ" ಬಂದುಬಿಟ್ಟಿತು. ಸುಳ್ಳೆಂದೇನೂ ಅಲ್ಲ, ಸ್ವಲ್ಪ ತಡವಾಗಿ ನಿಜವಾಗುವ ಮಾತು.

ಆಗಸ್ಟ್ 20. ಗುರುವಾರ
*4.00? ಹಲಗೆಯಲ್ಲಿ ಅಂಕಿ ಇಲ್ಲ*



ಬೆಳಿಗ್ಗೆ ಎಂದಿನಂತೆ ದರ ನೋಡಲು ಸಂತೆಗೆ ಹೋದೆ. ಹಣ ಬದಲಿಸುವ ಯೂಸುಪನ ಕಿಟಕಿಯ ಮುಂದೆ ಜನ ಮುತ್ತಿದ್ದರು. ಯೂಸುಪ್ ನನ್ನ ಹಳೆಯ ವಿದ್ಯಾರ್ಥಿ, ಒಂಬತ್ತನೇ ತರಗತಿಯವರೆಗೂ ಭಾಗಾಕಾರ ಬಾರದವನು. ಅವನ ಹಲಗೆಯಲ್ಲಿ ಡಾಲರಿಗೆ ಅಂಕಿಯಿತ್ತು, ರೂಬಲ್‌ಗಿತ್ತು. ಟೆಂಗೆಯ ಮುಂದೆ ಖಾಲಿ.

"ಏನಪ್ಪಾ, ಅಂಕಿ ಎಲ್ಲಿ?"

"ತೆಗ್ದಿಟ್ಟೀನಿ ಮೇಷ್ಟ್ರೆ. ಆಚೆ ಕಡೆ ಸರ್ಕಾರದೋರು ಟೆಂಗೆ ಕೈಬಿಟ್ಟವ್ರೆ. ಇನ್ಮೇಲೆ ನಾವು ಹಿಡಿಯಲ್ಲ, ಎಲ್ಲಿಗ್ ಹೋಗ್ತದೋ ಹೋಗ್ಲಿ ಅಂತ. ಒಂಬತ್ತಕ್ಕೆ ಮೂರೂವರೆ ಇತ್ತು, ಈಗ ನಾಲ್ಕು ಅಂತಾವ್ರೆ. ನಾನ್ಯಾಕೆ ಕೈ ಸುಟ್ಕೊಳ್ಲಿ?"

"ಇದು ಆಗಸ್ಟ್ ಕಣಯ್ಯಾ."

"ಅದು ನಂಗೂ ಗೊತ್ತು ಮೇಷ್ಟ್ರೆ. ಟೆಂಗೆಗೆ ಗೊತ್ತಿರಲಿಲ್ಲ."

ಜನ ನಕ್ಕರು. ಟೊಮೇಟೊ ಹೆಂಗಸೊಬ್ಬಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಿಮ್ಮ ಹತ್ರ ಏನೂ ಇಲ್ವಲ್ಲ ಎಂದು ಯೂಸುಪ್ ಕೇಳಿದ. ಇಲ್ಲ ಅಂದೆ.

ಮನೆಗೆ ಬರುವಷ್ಟರಲ್ಲಿ ಓಣಿಯ ತುಂಬ ಕರಿದ ಎಣ್ಣೆಯ ವಾಸನೆ. ಗುರುವಾರ, ಸತ್ತವರಿಗೆ ವಾಸನೆ ಮುಟ್ಟಿಸುವ ದಿನ. ಕೆಂಜೆಗುಲ್ ಒಂದು ತಟ್ಟೆ ತುಂಬ ಹಿಟ್ಟಿನ ಕರಿದ ತುಂಡು, ಬೊರ್ಸೊಕ್, ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ನಿಮ್ಮ ಶಾರಿಪಾ ಅಮ್ಮನ ಹೆಸರಲ್ಲಿ, ನಮ್ಮವರ ಹೆಸರಲ್ಲಿ ಕರ್ದೆ. ಸಂತೆ ಸುದ್ದಿ ಕೇಳಿದಾಗಿಂದ ಕಾಲು ನಿಲ್ತಿಲ್ಲ ಮೇಷ್ಟ್ರೆ. ನೀವು ಅವತ್ತೇ ಬದಲಾಯಿಸ್ದೆ ಇದ್ದಿದ್ರೆ ನಾವು ಬೀದಿಪಾಲು. ಶಾರಿಪಾ ಅಮ್ಮನೇ ನಿಮ್ಮ ಕಿವೀಲಿ ಹೇಳಿರ್ಬೇಕು. ತಿನ್ನಿ, ಬಿಸಿ ಇದೆ."

ತಿಂದೆ. ಅವಳು ನಿಂತು ನೋಡುತ್ತಿದ್ದಳು. ಕೊನೆಗೆ ಎರಡೂ ಕೈ ಮುಖಕ್ಕೆ ಸವರಿಕೊಂಡು ಆಶೀರ್ವಾದದ ಮಾತನ್ನೂ ಹೇಳಿದೆ. ಅವಳು ಹೋದ ಮೇಲೆ ಹಿತ್ತಲಿಗೆ ಹೋಗಿ ಎಲ್ಲ ಕಕ್ಕಿದೆ.

ನಾಲ್ಕರಲ್ಲಿ ಹದಿನೈದು ಲಕ್ಷ ಅಂದರೆ ಮೂರು ಲಕ್ಷ ಎಪ್ಪತ್ತೈದು ಸಾವಿರ. ಒಂದು ಲಕ್ಷಕ್ಕೂ ಹೆಚ್ಚು ಬೆಳಗಿನ ಚಹಾ ಕುಡಿಯುವಷ್ಟರಲ್ಲಿ ಹೋಯಿತು.

ಆಗಸ್ಟ್ 21
*3.95*

ಹೊರಗೆ ಹೋಗಲಿಲ್ಲ. ಕೆಂಜೆಗುಲ್‌ಳ ಮಗಳು ಮೀರಿಮ್ ಬೇಲಿಯಿಂದ "ತಾತಾ" ಎಂದು ಕರೆದಳು. ಕಿವುಡನ ಹಾಗೆ ಒಳಗೆ ಬಂದೆ. ಒಂಬತ್ತು ವರ್ಷದ ಹುಡುಗಿಗೆ ಹೆದರಿ.

ಆಗಸ್ಟ್ 23. ಭಾನುವಾರ
*3.88*

ಹನ್ನೊಂದೂ ಪುಸ್ತಕ ನೆಲಕ್ಕೆ ಹರಡಿ ಕುಳಿತೆ. ಲೆಕ್ಕ ತಪ್ಪಿದ್ದೆಲ್ಲಿ?

ಸಿಕ್ಕಿತು. ನಾಲ್ಕನೇ ಪುಸ್ತಕ, 1999. ಏಪ್ರಿಲ್ ಎರಡರವರೆಗೆ ಅಂಕಿಗಳಿವೆ, ಆಮೇಲೆ ಹಾಳೆಗಳು ಬಿಳಿ. ಏಪ್ರಿಲ್ ಮೂರಕ್ಕೆ ಶಾರಿಪಾ ಹೋದಳು. ನಲವತ್ತು ದಿನ ಮುಗಿಯುವ ತನಕ ಲೇಖನಿ ಮುಟ್ಟಲಿಲ್ಲ. ಆ ಏಪ್ರಿಲ್‌ನಲ್ಲೇ ಟೆಂಗೆಯನ್ನು ಅವರು ಹೀಗೇ ಕೈಬಿಟ್ಟಿದ್ದರು. ಈಗ ನೆನಪಾಗುತ್ತಿದೆ, ಮಣ್ಣಿಗೆ ಬಂದವರು ಅಂಗಳದಲ್ಲಿ ಅದನ್ನೇ ಮಾತಾಡುತ್ತಿದ್ದರು. ನಾನು ಮತ್ತೆ ಬರೆಯತೊಡಗುವ ಹೊತ್ತಿಗೆ ನಮ್ಮ ಸೊಮ್ ಕೂಡ ಬಿದ್ದು, ಎರಡೂ ಸಮಸಮ ಆಗಿ, ಏನೂ ನಡೆದೇ ಇಲ್ಲವೆಂಬಂತೆ ಕಾಣುತ್ತಿತ್ತು.

ಹಾಗಾದರೆ ಫೆಬ್ರವರಿಯ ನಿಯಮ ಎಂಬುದೇ ಇಲ್ಲ. ಊರಿಗೆಲ್ಲ ಸುಳ್ಳು ಹೇಳಿದ್ದೇನೆ.

ಇದನ್ನು ಅವಳಿಗೆ ಹೇಳಿದರೆ? ಕಳ್ಳನಾಗಿದ್ದರೂ ಇಷ್ಟು ಹೆದರುತ್ತಿರಲಿಲ್ಲ. ಕಳ್ಳನಿಗೆ ಯಾರೂ ಬೊರ್ಸೊಕ್ ತಂದುಕೊಡುವುದಿಲ್ಲ.

ಸೆಪ್ಟೆಂಬರ್ 1. ಮಂಗಳವಾರ
*3.70!*

ಚೇತರಿಸಿಕೊಳ್ಳುತ್ತಿದೆ. ಹನ್ನೆರಡು ದಿನದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡೆ.

ರಜೆ ಮುಗಿದು ಶಾಲೆಯ ಮೊದಲ ಗಂಟೆ ಇವತ್ತು. ಮೀರಿಮ್ ತಲೆಗೆ ಎಲೆಕೋಸಿನಷ್ಟು ದೊಡ್ಡ ಬಿಳಿ ರಿಬ್ಬನ್ ಕಟ್ಟಿಕೊಂಡು ಬಂದು ತೋರಿಸಿದಳು. ಚೆನ್ನಾಗಿದೆ ಅಂದೆ. ತಾಯಿ ಹಿಂದೆ ನಿಂತು, "ಅಕ್ಟೋಬರ್‌ನಿಂದ ಇವಳಿಗೆ ಸ್ವಂತ ಕೋಣೆ ಮೇಷ್ಟ್ರೆ. ಈಗಲೇ ಗೋಡೆಗೆ ಯಾವ ಬಣ್ಣ ಅಂತ ಜಗಳ" ಅಂದಳು.

ಯೂಸುಪನ ಬಳಿ ಹೋಗಿ, ಪರಿಚಯದವರೊಬ್ಬರ ಹತ್ತಿರ ಟೆಂಗೆ ಇದೆ, ಏನು ಮಾಡಲಿ ಅಂತ ಕೇಳುತ್ತಾರೆ ಅಂದೆ.

"ಇವತ್ತೇ ತರ್ಲಿ. ಇದು ಮೇಲಕ್ಕೇಳೋದು ಅಲ್ಲ ಮೇಷ್ಟ್ರೆ, ಬಿದ್ದೋನು ಉಸಿರು ತಗೋತಾವ್ನೆ ಅಷ್ಟೆ."

ಭಾಗಾಕಾರ ಬಾರದವನ ಮಾತು. ಇವತ್ತು ಬದಲಿಸಿದರೆ ನಾಲ್ಕು ಲಕ್ಷ ಐದು ಸಾವಿರ, ಮನೆಗೆ ಎಪ್ಪತ್ತೈದು ಸಾವಿರ ಕಡಿಮೆ. ಎರಡು ವಾರ ಕಾದರೆ ಮೂರೂವರೆ ಆದೀತು, ಮೂರೂಕಾಲೂ ಆದೀತು. ಬದಲಿಸಿದರೆ ನಷ್ಟ ನಿಜವಾಗಿಬಿಡುತ್ತದೆ. ಕಾಯುತ್ತೇನೆ.

ಸೆಪ್ಟೆಂಬರ್ 9
*3.84*

ನೀನಾಳಿಗೆ ಮುಂಗಡ ಕೊಡಬೇಕು, ಆ ದುಡ್ಡಿನಿಂದ ಹತ್ತು ಸಾವಿರ ತೆಗೆದುಕೊಡಿ ಎಂದು ಕೆಂಜೆಗುಲ್ ಬಂದಳು. ನಾನು ಪೆಟ್ಟಿಗೆ ತೆಗೆಯುವಾಗ ಹಿಂದೆಯೇ ನಿಂತಿದ್ದಳು. ಚೀಲದ ಬಾಯಿ ಕಾಣದಂತೆ ಬೆನ್ನು ಅಡ್ಡ ಮಾಡಿಕೊಂಡು ನನ್ನ ಸಾವಿನ ಲಕೋಟೆಯಿಂದ ಎಣಿಸಿ ಕೊಟ್ಟೆ.

"ಬೆವರ್ತಾ ಇದೀರಲ್ಲ ಮೇಷ್ಟ್ರೆ. ಜ್ವರ ಇದೆಯಾ?"

ಸೆಕೆ ಅಂದೆ. ಅಂಗಳದಲ್ಲಿ ಗಾಳಿ ಬೀಸುತ್ತಿತ್ತು.

ಸೆಪ್ಟೆಂಬರ್ 16. ಬುಧವಾರ
*4.35*

ನಾಲ್ಕು ಮೂವತ್ತೈದು. ಇನ್ನೊಮ್ಮೆ ಬರೆಯುತ್ತೇನೆ, ಆಗಲಾದರೂ ನಂಬಿಕೆ ಬಂದೀತು. ನಾಲ್ಕು ಮೂವತ್ತೈದು.

ಸಂತೆಯಿಂದ ಬರುವಾಗ ದಾರಿಯಲ್ಲಿ ಎರಡು ಸಲ ಕುಳಿತೆ. ಮನೆ ಮುಟ್ಟಿದರೆ ಅಂಗಳದಲ್ಲಿ ಕೆಂಜೆಗುಲ್‌ಳ ಭಾವ ತೊಕ್ತೊಬೆಕ್. ಎತ್ತಿನಂಥ ಆಳು, ಧೂಳು ಹಿಡಿದ ಬೂಟು ಕಳಚದೆ ಒಳಗೇ ಬಂದ. ಹಿಂದೆಯೇ ಅವಳೂ ಓಡಿಬಂದಳು.

"ನಮ್ಮ ತಮ್ಮನ ದುಡ್ಡು ಇಲ್ಲಿದೆಯಂತೆ. ತೋರ್ಸಿ, ನೋಡ್ಕೊಂಡು ಹೋಗ್ತೀನಿ."

ಪೆಟ್ಟಿಗೆಯ ಮುಂದೆ ನಿಂತುಕೊಂಡೆ.

"ಅದು ಅವಳ ದುಡ್ಡು. ಅವಳು ಹೇಳಿದ್ರೆ ತೋರಿಸ್ತೀನಿ."

ಇಬ್ಬರೂ ಅವಳ ಕಡೆ ತಿರುಗಿದೆವು. ಹೂಂ ಅಂದಿದ್ದರೆ ಅಲ್ಲಿಗೆ ನನ್ನ ಕತೆ ಮುಗಿಯುತ್ತಿತ್ತು. ಜೇಬಿನೊಳಗೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಬೇಡ ಮೇಷ್ಟ್ರೆ," ಅಂದಳು. "ಇವರಿಗೆ ಯಾಕೆ ತೋರಿಸ್ಬೇಕು? ಬದಲಾಯಿಸಿದ ಮೇಲೆ ನಾನೇ ಇನ್ನೂ ನೋಡಿಲ್ಲ. ನಾನು ಕೇಳಿದೀನಾ? ನೀವು ಇದೆ ಅಂದ್ರಿ, ಇದೆ."

"ಮುದುಕ ಮಾಸ್ತರನ ಮಾತಿನ ಮೇಲೆ ಮನೆ ತಗೋತಾಳಂತೆ," ಎಂದು ತೊಕ್ತೊಬೆಕ್ ನಕ್ಕ. "ಒಂದನೇ ತಾರೀಕು ಬರ್ತೀನಿ. ಮನೆ ಆಗ್ಲಿಲ್ಲ ಅಂದ್ರೆ ಅವತ್ತೇ ಗಂಟುಮೂಟೆ ಕಟ್ಟು. ಹುಡುಗೀನ ಅಲ್ಲಿನ ಶಾಲೆಗೆ ಹಾಕಿದ್ರಾಯ್ತು, ಅಥವಾ ಹಾಕ್ದೇ ಇದ್ರೂ ಆಯ್ತು. ಹಾಲು ಕರೆಯೋಕೆ ಓದು ಯಾಕೆ?"

ಅವನು ಹೋದ ಮೇಲೆ ಕೆಂಜೆಗುಲ್ ನೆಲದ ಮೇಲಿನ ಬೂಟಿನ ಮಣ್ಣು ಒರೆಸಿದಳು. ಒರೆಸುತ್ತಲೇ ಅತ್ತಳು. ನಾನು ನೋಡುತ್ತ ನಿಂತಿದ್ದೆ. ಹೇಳಬೇಕಾಗಿತ್ತು. ಹೇಳಲಿಲ್ಲ.

ಸೆಪ್ಟೆಂಬರ್ 18
*4.20ರಲ್ಲಿ ಬದಲಿಸಿದೆ*

ಇನ್ನು ಕಾಯುವ ಧೈರ್ಯವಿಲ್ಲ. ಮೂರು ಲಕ್ಷ ಐವತ್ತೇಳು ಸಾವಿರ ಬಂತು. ಯೂಸುಪ್ ಎಣಿಸುತ್ತಾ, "ಪರಿಚಯದವರದಾ ಮೇಷ್ಟ್ರೆ?" ಅಂದ.

"ಹೂಂ."

"ಪಾಪ, ಅವರು," ಅಂದ, ತಲೆ ಎತ್ತದೆ. ಆಮೇಲೆ ತನ್ನ ಫ್ಲಾಸ್ಕಿನಿಂದ ಚಹಾ ಸುರಿದು ಕಿಟಕಿಯಾಚೆಗೆ ಚಾಚಿದ. ಹಿಂದೆ ಸರದಿ ನಿಂತವರು ಗೊಣಗಿದರೂ ನಾನು ಕುಡಿದು ಮುಗಿಸುವ ತನಕ ಯಾರನ್ನೂ ಮಾತಾಡಿಸಲಿಲ್ಲ.

ಸೆಪ್ಟೆಂಬರ್ 20. ಭಾನುವಾರ

ಗುರುವಾರ ಬಲಿ ಕೊಡುವ ಕುರ್ಮಾನ್ ಹಬ್ಬ. ದನದ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊರುವನ್ನು ನಡೆಸಿಕೊಂಡೇ ಹೋದೆ, ಹತ್ತುವ ಮನಸ್ಸಾಗಲಿಲ್ಲ. ನನ್ನ ಸಾವಿಗೆಂದು ಐದು ವರ್ಷ ಸಾಕಿದ್ದು. ಅದಕ್ಕೇನು ಗೊತ್ತು, ದಾರಿಯುದ್ದಕ್ಕೂ ನನ್ನ ತೋಳು ಮೂಸುತ್ತ ಸಕ್ಕರೆ ಹುಡುಕುತ್ತಿತ್ತು.

ಮೊದಲು ಬಂದವನೊಬ್ಬ ಕಜಾಕ. ಹಲ್ಲು ನೋಡಿದ, ಪಕ್ಕೆ ಒತ್ತಿ ನೋಡಿದ. ಮೂರೂವರೆ ಲಕ್ಷ ಟೆಂಗೆ ಅಂದ.

"ಟೆಂಗೆ ಬೇಡ."

"ಯಾಕಜ್ಜ, ಹಾವು ಕಂಡಂಗೆ ಹಿಂದಕ್ಕೆ ಹೋಗ್ತೀರಿ? ನಮ್ಮ ದುಡ್ಡು ಕಚ್ಚುತ್ತಾ?"

"ಕಚ್ಚಿದೆ," ಅಂದೆ. ಅವನು ನಗುತ್ತಾ ಮುಂದೆ ಹೋದ, ಹೋಗುತ್ತ ನಿಂತು ಹಿಂದಿರುಗಿ, "ನಮಗೂ ಅಜ್ಜ," ಅಂದ.

ಕೊನೆಗೆ ಹಬ್ಬಕ್ಕೆ ಕುದುರೆ ಹುಡುಕುತ್ತಿದ್ದ ಕಾಂತ್ ಊರಿನ ಅಣ್ಣತಮ್ಮಂದಿರು ಎಂಬತ್ಮೂರು ಸಾವಿರ ಸೊಮ್ ಕೊಟ್ಟರು. ಕಟ್ಟಿದ ಹಗ್ಗವನ್ನು ಪದ್ಧತಿಯಂತೆ ನಾನೇ ಉಳಿಸಿಕೊಂಡೆ. ಹಗ್ಗ ಬಿಚ್ಚುವಾಗ ಅದು ತಲೆ ಬಗ್ಗಿಸಿ ಕೊಟ್ಟಿತು, ಮನೆಯಲ್ಲಿ ಬಿಚ್ಚುವಾಗ ಕೊಡುವ ಹಾಗೆಯೇ.

ಟೆಂಗೆಯಿಂದ ಬಂದದ್ದು, ಕುದುರೆಯದು, ಲಕೋಟೆಯಲ್ಲಿ ಉಳಿದ ಮೂವತ್ತು, ಜೊತೆಗೆ ಆಗಲೇ ಕೊಟ್ಟ ಮುಂಗಡ. ನಾಲ್ಕು ಲಕ್ಷ ಎಂಬತ್ತು ಸಾವಿರ. ಮನೆಗೆ ಸರಿಯಾಯಿತು. ಅವಳಿಗೆ ನಿಜವಾಗಿ ಬರಬೇಕಾದದ್ದರಲ್ಲಿ ಇನ್ನೂ ಹನ್ನೊಂದು ಸಾವಿರದ ಎಂಟುನೂರು ಬಾಕಿ. ಅದಕ್ಕೊಂದು ನೆಪ ಹುಡುಕಬೇಕು. ಅವಳಿಗೇನೂ ತಿಳಿಯುವುದು ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸೆಪ್ಟೆಂಬರ್ 21. ಸೋಮವಾರ

ನಾನೆಷ್ಟು ದಡ್ಡ. ಸಾವಿನ ಕುದುರೆ ಮಾರಿದರೆ ಊರು ಸುಮ್ಮನಿರುತ್ತದೆಯೇ?

ಏಳು ಗಂಟೆಗೇ ಬೆರ್ಮೆತ್ ಫೋನು. "ಅಪ್ಪ, ತೊರುನ ಮಾರಿದ್ಯಂತೆ? ಯಾರು ಹೇಳಿದ್ರು ಅಂತ ಕೇಳ್ಬೇಡ, ನಾಲ್ಕು ಜನ ಹೇಳಿದ್ರು. ತಂದೆ ಮಣ್ಣಿಗೆ ಕುರಿ ಕಡಿದ್ಲು ಅಂತ ನನ್ನ ಮುಖಕ್ಕೆ ಉಗೀತಾರೆ. ಏನಾಯ್ತು ನಿಂಗೆ, ತಲೆ ಕೆಟ್ಟಿದ್ಯಾ?" ಏನೋ ಒಂದು ಹೇಳಿ ಇಟ್ಟೆ.

ಅಷ್ಟರಲ್ಲಿ ಕೆಂಜೆಗುಲ್ ಬಾಗಿಲಲ್ಲಿ. ಹಿಟ್ಟಿನ ಕೈಯಲ್ಲೇ ಬಂದಿದ್ದಳು.

"ಮೇಷ್ಟ್ರೆ, ಕಾಯಿಲೆನಾ? ಡಾಕ್ಟ್ರು ಏನಾದ್ರೂ ಅಂದ್ರಾ? ಬೆರ್ಮೆತಕ್ಕಂಗೆ ಏನಾದ್ರೂ ಆಯ್ತಾ? ಯಾರಾದ್ರೂ ಆ ಕುದುರೆ ಮಾರ್ತಾರಾ? ದುಡ್ಡು ಬೇಕಿದ್ರೆ ನಂದಿರಲಿಲ್ವಾ ನಿಮ್ಮ ಮನೇಲೇ? ಅದ್ರಲ್ಲಿ ತಗೊಳ್ಳೋಕೇನು?"

ಹಾಸಿಗೆ ರಾಶಿಗೆ ಒರಗಿ ಕುಳಿತು ಹೇಳಿದೆ. ಜುಲೈನಲ್ಲಿ ಬದಲಿಸಲಿಲ್ಲ ಎಂಬುದನ್ನು, ಬದಲಿಸಿದೆ ಎಂದು ಸುಳ್ಳು ಹೇಳಿದ್ದನ್ನು, ಕಾದದ್ದನ್ನು, ಮತ್ತೆ ಕಾದದ್ದನ್ನು. ಗಣಿತದ ಮೇಷ್ಟ್ರು ನಾನು, ಮೂರನೇ ತರಗತಿಯ ಹುಡುಗನ ಹಾಗೆ ತೊದಲಿದೆ. ಈಗ ಬೈಯುತ್ತಾಳೆ, ಈಗ ಕಿರುಚುತ್ತಾಳೆ ಎಂದು ಕಾದೆ.

ಬೆರಳಿಗೆ ಮೆತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು.

"ಅವತ್ತು ಬೊರ್ಸೊಕ್ ತಿಂದ್ರಲ್ಲ."

"ಹೂಂ."

"ಐದು ತಿಂದ್ರಿ."

ತಲೆಯಾಡಿಸಿದೆ.

"ನಾನು ಮನೆಗೆ ಹೋಗಿ ಮೀರಿಮ್‌ಗೆ ಹೇಳ್ದೆ. ತಾತ ಐದು ತಿಂದ್ರು, ನಾಳೆಯಿಂದ ನಾವು ಹೆದರೋದು ಬೇಡ ಅಂತ." ಎದ್ದಳು. "ಕೊಡಿ, ನನ್ನ ದುಡ್ಡು."

ಎಲ್ಲವನ್ನೂ ಚೀಲಕ್ಕೆ ತುಂಬಿ ಕೊಟ್ಟೆ. ಉಳಿದ ಹನ್ನೊಂದು ಸಾವಿರದ ಎಂಟುನೂರು ಪಿಂಚಣಿಯಲ್ಲಿ ಕೊಡುತ್ತೇನೆ ಅಂದೆ. ತಿರುಗಿ ನೋಡಲಿಲ್ಲ. ನೆಲದ ಮೇಲೆ ಹಿಟ್ಟು ಬಿದ್ದಿದೆ, ಗುಡಿಸಿಲ್ಲ.

ಸೆಪ್ಟೆಂಬರ್ 24. ಕುರ್ಮಾನ್ ಹಬ್ಬ

ಇವತ್ತು ಯಾರ ಮನೆಗೆ ಯಾರು ಬೇಕಾದರೂ ಹೋಗಬಹುದು. ಊಟದ ಬಟ್ಟೆ ಹಾಸಿ ಒಣದ್ರಾಕ್ಷಿ, ಸಕ್ಕರೆ, ರೊಟ್ಟಿ ಇಟ್ಟು ಬೆಳಿಗ್ಗೆಯಿಂದ ಕಾದೆ. ಓಣಿಯ ಮಕ್ಕಳು ಬಂದರು, ಇಮಾಮರು ಬಂದರು. ಪಕ್ಕದ ಮನೆಯಿಂದ ಯಾರೂ ಬರಲಿಲ್ಲ.

ಹೆದರಿಕೆ ಹೋಗಿಲ್ಲ. ಹೇಳಿಬಿಟ್ಟರೆ ಹೋಗುತ್ತದೆ ಎಂದುಕೊಂಡಿದ್ದೆ. ಆ ದುಡ್ಡು ಈಗ ಅವಳ ಮನೆಯಲ್ಲಿದೆ, ತೊಕ್ತೊಬೆಕ್‌ಗೆ ಸುಳಿವು ಸಿಕ್ಕರೆ? ನಾಲ್ಕು ದಿನದಿಂದ ಅವಳ ಗೇಟು ಕಾಣುವ ಕಿಟಕಿಯ ಬಳಿಯೇ ಕುಳಿತು ಉಣ್ಣುತ್ತಿದ್ದೇನೆ. ಕೆಮ್ಮು ಬಂದರೆ ಬಾಯಿಗೆ ದಿಂಬು ಒತ್ತಿಕೊಳ್ಳುತ್ತೇನೆ, ಗೇಟಿನ ಸದ್ದು ತಪ್ಪಿಹೋದೀತೆಂದು.

ಅಕ್ಟೋಬರ್ 1. ಗುರುವಾರ

ಮನೆ ಅವಳದಾಯಿತು.

ನೋಂದಣಿ ಕಚೇರಿಗೆ ನಾನು ಹೋಗಲಿಲ್ಲ, ಅವಳು ಕರೆಯಲೂ ಇಲ್ಲ. ಆದರೆ ತೊಕ್ತೊಬೆಕ್ ಹತ್ತು ಗಂಟೆಗೆ ಬಂದು ಅವಳ ಗೇಟಿನ ಮುಂದೆ ಬೇರುಬಿಟ್ಟಾಗ, ನಾನೂ ಸ್ಟೂಲು ಒಯ್ದು ಅವನ ಎದುರು ಕುಳಿತೆ. ಕೈಯಲ್ಲಿ ತೊರುವಿನ ಹಗ್ಗ ಇತ್ತು, ಯಾಕೆ ತಂದೆನೋ ಗೊತ್ತಿಲ್ಲ.

"ಏನು ಮಾಸ್ತರೆ, ನನ್ನ ಕಟ್ಟಿಹಾಕೋಕೆ ಬಂದ್ರಾ?"

"ಕಟ್ಟೋ ಶಕ್ತಿ ಇಲ್ಲಪ್ಪ. ಕೂತಿರ್ತೀನಿ ಅಷ್ಟೆ."

ಎರಡೂವರೆ ಗಂಟೆ ಹಾಗೆಯೇ ಕುಳಿತಿದ್ದೆವು. ಕೆಂಜೆಗುಲ್ ನೀನಾ ಫ್ಯೋದೊರೊವ್ನಾಳ ತೋಳು ಹಿಡಿದುಕೊಂಡು ಬಂದು, ಠಸ್ಸೆ ಒತ್ತಿದ ಕಾಗದವನ್ನು ಭಾವನ ಮುಖದ ಮುಂದೆ ಹಿಡಿದಳು. ಅವನು ಓದಿದ, ನೆಲಕ್ಕೆ ಉಗಿದ, ಹೋದ. ನೀನಾ ಅಳುತ್ತಾ ಎಲ್ಲರಿಗೂ ಮುತ್ತಿಟ್ಟಳು, ನನಗೂ. ಕೆಂಜೆಗುಲ್ ನನ್ನ ಸ್ಟೂಲನ್ನು ನೋಡಿದಳು, ಹಗ್ಗವನ್ನು ನೋಡಿದಳು. ಒಳಗೆ ಹೋದಳು.

ಅಕ್ಟೋಬರ್ 12. ಸೋಮವಾರ

ಪಿಂಚಣಿ ಬಂತು. ಸಾವಿರ ಸೊಮ್ ಲಕೋಟೆಗೆ ಹಾಕಿಕೊಂಡು ಬೇಲಿಯ ಹತ್ತಿರ ಹೋದೆ. ಕೆಂಜೆಗುಲ್ ಗೋಡೆಗೆ ಬಣ್ಣ ಹೊಡೆಯುತ್ತಿದ್ದಳು, ಮೂಗಿನ ಮೇಲೂ ಹಸಿರು.

"ಎಷ್ಟು ತಿಂಗಳು ಕೊಡ್ತೀರಿ?" ಅಂದಳು. ಮೂರು ವಾರದಲ್ಲಿ ಮೊದಲ ಮಾತು.

"ಹನ್ನೆರಡು. ಕೊನೇ ತಿಂಗಳು ಎಂಟುನೂರು."

"ಬಿಡ್ತೀನಿ ಅಂದ್ಕೋಬೇಡಿ. ಒಂದು ಸೊಮೂ ಬಿಡಲ್ಲ."

"ಬಿಡು ಅಂತ ಕೇಳ್ಲಿಲ್ಲ ಮಗಳೆ."

ಅಷ್ಟರಲ್ಲಿ ಕೆಮ್ಮು ಬಂತು. ಬೇಲಿ ಹಿಡಿದು ಬಗ್ಗಿ ಕೆಮ್ಮಿದೆ, ನಿಲ್ಲಲೇ ಇಲ್ಲ. ಅವಳು ಕುಂಚವನ್ನು ಡಬ್ಬಿಯಲ್ಲಿಟ್ಟು ನೋಡುತ್ತಿದ್ದಳು.

"ಹಂಗಾದ್ರೆ ಒಂದು ವರ್ಷ ಸಾಯೋ ಹಾಗಿಲ್ಲ ನೀವು," ಅಂದಳು. "ಆಮೇಲೆ ಪಿಂಚಣಿ ಉಳಿಸಿ ಕುದುರೆ ಮರಿ ತರ್ಬೇಕು. ಅದು ಬೆಳೆಯೋಕೆ ನಾಲ್ಕು ವರ್ಷ. ಲೆಕ್ಕದ ಮೇಷ್ಟ್ರು, ನೀವೇ ಕೂಡಿಸಿ. ಈ ಕೆಮ್ಮು ಇಟ್ಕೊಂಡು ಅಷ್ಟು ದಿನ ಹೆಂಗಿರ್ತೀರಿ? ಕುರಿ ಕಡಿದ ಮಣ್ಣಿಗೆ ನಾನು ಅಡುಗೆ ಮಾಡಲ್ಲ, ಹೇಳಿದೀನಿ." ಮತ್ತೆ ಕುಂಚ ಎತ್ತಿಕೊಂಡು, ಗೋಡೆಯ ಕಡೆ ತಿರುಗಿ, "ನಾಳೆ ಒಂಬತ್ತಕ್ಕೆ ಆಸ್ಪತ್ರೆ. ಎದೆ ಫೋಟೋ ತೆಗೆಸ್ಬೇಕು. ಬಿಳಿ ಅಂಗಿ ಹಾಕ್ಕೊಳ್ಳಿ, ಆ ಕೊಳಕು ಕೋಟು ಬೇಡ," ಅಂದಳು.

ಸಂಜೆ ಮೀರಿಮ್ ಪಾಟಿಚೀಲ ಹೊತ್ತು ಬಂದಳು. ಭಾಗಾಕಾರ. ಶೇಷ ಉಳಿದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಾಗುವುದಿಲ್ಲ, ಅಳಿಸಿಹಾಕುತ್ತಾಳೆ. ಬರೆಯಲು ಹಾಳೆ ಬೇಕಾಗಿತ್ತು, ನಾಲ್ಕನೇ ಪುಸ್ತಕದ ಬಿಳಿ ಹಾಳೆಗಳನ್ನು ಕೊಟ್ಟೆ.

ಅಕ್ಟೋಬರ್ 13

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಎದೆಯ ಫೋಟೋ ತೆಗೆದಾಯಿತು. ಅದನ್ನು ನೋಡಿ ಡಾಕ್ಟರಮ್ಮ ಇನ್ನೊಬ್ಬರನ್ನು ಕರೆದಳು. ಇಬ್ಬರೂ ಬೆಳಕಿಗೆ ಹಿಡಿದು ನೋಡಿದರು, ನನ್ನನ್ನು ಹೊರಗೆ ಕೂರಲು ಹೇಳಿದರು. ಅರ್ಧ ಗಂಟೆಯಾಯಿತು. ಕೆಂಜೆಗುಲ್ ಔಷಧಿ ಅಂಗಡಿ ಎಲ್ಲಿದೆ ಎಂದು ವಿಚಾರಿಸಲು ಹೋಗಿದ್ದಾಳೆ.

ಆಗಸ್ಟ್ ಇಪ್ಪತ್ತಕ್ಕೂ ಇಷ್ಟು ಹೆದರಿರಲಿಲ್ಲ.

ಏನೂ ಇಲ್ಲವೆನ್ನಲಿ ದೇವರೇ. ಅಥವಾ ಮಾತ್ರೆಗೆ ಹೋಗುವಂಥದ್ದು ಎನ್ನಲಿ. ಸಾಲಕ್ಕೆ ಒಂದು ವರ್ಷ ಕೊಡು. ಮರಿ ತರುವುದಕ್ಕೆ ಎರಡು, ಅದು ಬೆಳೆಯುವುದಕ್ಕೆ ನಾಲ್ಕು. ಮೀರಿಮ್ ಇನ್ನೂ ಶೇಷವನ್ನು ಅಳಿಸಿಹಾಕುತ್ತಾಳೆ, ಅವಳಿಗೆ ದಶಮಾಂಶ ಆಗಬೇಕು, ಬೀಜಗಣಿತ ಆಗಬೇಕು. ಹೆಚ್ಚಾಯಿತೆಂದರೆ ಒಂದು ವರ್ಷ ಕಡಿಮೆ ಮಾಡು, ಚೌಕಾಸಿ ಮಾಡುವುದಿಲ್ಲ.

ಬಾಗಿಲು ತೆಗೆದರು. ನನ್ನ ಹೆಸರು ಕೂಗುತ್ತಿದ್ದಾರೆ.